ಊರ ಹುಡೇವು, ಊರ ಚರಿತ್ರೆ: ಅಳೆಯುವುದು, ಓದುವುದು, ಬರೆದಿಡುವುದು

ಬೀದರ್ ಕೋಟೆ, ಕಲಬುರಗಿ ಕೋಟೆ, ಸುರಪುರದ ನಾಯಕರು ಎಂದರೆ ಓದಲು ಪುಸ್ತಕಗಳಿವೆ. ಆದರೆ ನೂರಿನ್ನೂರು ಮನೆಯ ಹಳ್ಳಿಯ ಹುಡೇವು (ಕಾವಲಿನ ಬುರುಜು), ಅರ್ಧ ಬಿದ್ದ ವಾಡೆ (ಊರೊಡೆಯರ ಗಟ್ಟಿಮನೆ), ಬಾಗಿಲಿಲ್ಲದ ಅಗಸಿಯ (ಊರ ಹೆಬ್ಬಾಗಿಲಿನ) ಬಗ್ಗೆ ಎಷ್ಟೋ ಕಡೆ ಒಂದು ಪುಟವೂ ಸಿಗದು. ಪ್ರತಿ ಮಳೆಗಾಲಕ್ಕೆ ಹುಡೇವಿನ ತಲೆಯ ಮಣ್ಣು ಒಂದಿಷ್ಟು ಕೆಳಗೆ ಜಾರುತ್ತದೆ, ಅರಳಿಯ ಬೇರು ಕಲ್ಲಿನ ಸಂದು ಅಗಲಿಸುತ್ತದೆ. ಅದಕ್ಕೇ ಊರ ಚರಿತ್ರೆ ಬರೆಯುವ ಕೆಲಸವನ್ನು ಕಾಗದದಿಂದಲ್ಲ, ಗೋಡೆಯಿಂದ ಶುರು ಮಾಡಬೇಕು.

ಅದಕ್ಕೂ ಮೊದಲು ಚೆಕ್ ದೇಶದ ಹಳ್ಳಿಗಳಿಂದ ಒಂದು ರೂಢಿ ಎರವಲು ತರೋಣ. ಪ್ರತಿ ಊರೂ ತನ್ನ ಸ್ಮರಣೆಯ ಪುಸ್ತಕ ಇಡಬೇಕೆಂದು ಅಲ್ಲಿ 1920ರಲ್ಲೇ ಕಾನೂನಾಯಿತು. ಅದಕ್ಕೆ ‘ಕ್ರೋನಿಕಾ’ ಎನ್ನುತ್ತಾರೆ. ರಾಜರ ದೊಡ್ಡ ಕೋಟೆ ಅಲ್ಲಿ ‘ಹ್ರಾದ್’, ಊರೊಡೆಯನ ಸಣ್ಣ ಗಟ್ಟಿಮನೆ ‘ತ್ವರ್ಸ್’. ನಮ್ಮಲ್ಲಿ ಕೋಟೆ ಬೇರೆ, ವಾಡೆ ಬೇರೆ ಇದ್ದಂತೆಯೇ. ಅಲ್ಲಿನ ಊರಿನ ಚರಿತ್ರೆ ಸಾಮಾನ್ಯವಾಗಿ ‘ಇಂಥವರು ಕಟ್ಟಿದರು’ ಎಂದು ಶುರುವಾಗುವುದಿಲ್ಲ. ‘ಊರಿನ ಹೆಸರು ಮೊದಲು ಸಿಗುವ ಬರಹ ಇಂಥ ವರ್ಷದ್ದು’ ಎಂದು ಶುರುವಾಗುತ್ತದೆ. ನಿಮ್ಮ ಪುಸ್ತಕದ ಮೊದಲ ಸಾಲೂ ಹಾಗೇ ಇರಲಿ. ಊರು ಹುಟ್ಟಿದ ವರ್ಷ ಯಾರಿಗೂ ಗೊತ್ತಿರುವುದಿಲ್ಲ, ಮೊದಲ ಉಲ್ಲೇಖವನ್ನು ಮಾತ್ರ ಬೆರಳಿಟ್ಟು ತೋರಿಸಬಹುದು.

ಗೋಡೆಯ ಕೆಲಸ

ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತುತ್ತದೆ, ಕಸ ಬೆಳೆದು ಬುಡ ಕಾಣುವುದಿಲ್ಲ. ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ಕಲ್ಲು ಮುಟ್ಟಲಾಗದು. ಇಬ್ಬರು ಬೇಕು. 30 ಮೀಟರ್ ಟೇಪು, ಚೌಕಳಿ ಹಾಳೆಯ ನೋಟ್‌ಬುಕ್ಕು, ಬ್ಯಾಟರಿ, ಮೆತ್ತನೆಯ ಬ್ರಷ್ಷು, ಒಂದು ಬಕೆಟ್ ನೀರು, ಹತ್ತು ಸೆಂಟಿಮೀಟರಿಗೊಂದು ಕಪ್ಪು-ಬಿಳಿ ಪಟ್ಟೆ ಬಳಿದ ಅರ್ಧ ಮೀಟರಿನ ಕೋಲು. ಪ್ರತಿ ಫೋಟೋದಲ್ಲೂ ಈ ಕೋಲು ಇರಲಿ, ಇಲ್ಲದಿದ್ದರೆ ಕಲ್ಲು ದೊಡ್ಡದೋ ಸಣ್ಣದೋ ಮುಂದೆ ಯಾರಿಗೂ ತಿಳಿಯದು.

ಹುಡೇವಿನ ಸುತ್ತಳತೆಯನ್ನು ಎದೆಯೆತ್ತರದಲ್ಲಿ ತೆಗೆದು 3.14ರಿಂದ ಭಾಗಿಸಿ. 22 ಮೀಟರ್ ಸುತ್ತಳತೆಯಾದರೆ ಅಡ್ಡಗಲ 7 ಮೀಟರ್. ಎತ್ತರವನ್ನು ನೆರಳಿನಿಂದ ತೆಗೆಯಬಹುದು. ಒಂದು ಮೀಟರಿನ ಕೋಲು ನಿಲ್ಲಿಸಿದಾಗ ನೆರಳು 80 ಸೆಂಟಿಮೀಟರ್, ಅದೇ ಹೊತ್ತಿಗೆ ಹುಡೇವಿನ ನೆರಳು ಬುಡದಿಂದ 6.4 ಮೀಟರ್ ಇದ್ದರೆ ಎತ್ತರ 8 ಮೀಟರ್ ಎಂದು ಬಹುತೇಕರು ಬರೆದುಬಿಡುತ್ತಾರೆ. ತಪ್ಪಾಗುವುದು ಇಲ್ಲೇ. ಹುಡೇವು ಮೇಲೆ ಹೋದಂತೆ ಕಿರಿದಾಗುತ್ತದೆ, ನೆರಳಿನ ತುದಿ ಬೀಳುವುದು ಒಳಸರಿದ ಮೇಲಂಚಿನಿಂದ. ಆ ಅಂಚು ಬುಡಕ್ಕಿಂತ ಅರ್ಧ ಮೀಟರ್ ಒಳಗಿದ್ದರೆ ಅದನ್ನು ನೆರಳಿಗೆ ಕೂಡಿಸಿ: 6.9 ಭಾಗಿಸು 0.8, ಅಂದರೆ ಸುಮಾರು 8.6 ಮೀಟರ್. ನೆಲ ಸಮತಟ್ಟಿಲ್ಲದಿದ್ದರೆ ಈ ಲೆಕ್ಕ ಬೇಡ. ಸಡಿಲವಾದ ಗೋಡೆ ಏರುವುದಂತೂ ಬೇಡವೇ ಬೇಡ, ಸಂದುಗಳಲ್ಲಿ ಹಾವಿರುತ್ತವೆ.

ಆಮೇಲೆ ಕಲ್ಲು ನೋಡಿ. ಬೀದರ್ ಕಡೆ ಕೆಂಪು ಮುರಕಲ್ಲು ಮತ್ತು ಕರಿಕಲ್ಲು, ಶಹಾಬಾದ್-ಚಿತ್ತಾಪುರ ಕಡೆ ಹಾಸು ಹಾಸಾದ ಫರಸಿ, ಯಾದಗಿರಿ ಕಡೆ ಕಣಶಿಲೆ. ಗೋಡೆಯಲ್ಲಿ ಊರಿನದಲ್ಲದ ಕಲ್ಲು ಅಥವಾ ಕೆತ್ತಿದ ಕಲ್ಲು ಕಂಡರೆ ಅದು ಬೇರೆ ಕಟ್ಟಡದಿಂದ ಬಂದಿರಬಹುದು; ಎಷ್ಟನೇ ಸಾಲಿನಲ್ಲಿದೆ, ತಲೆಕೆಳಗಾಗಿದೆಯೇ ಎಂದು ಗುರುತು ಹಾಕಿಕೊಳ್ಳಿ. ಕಮಾನು ಕಂಡ ಕೂಡಲೇ ‘ಬಹಮನಿ ಕಾಲದ್ದು’ ಎಂದು ಬರೆಯುವುದು ನಮ್ಮ ಭಾಗದಲ್ಲಿ ಬಹಳ ನಡೆಯುವ ತಪ್ಪು. ಚೂಪು ಕಮಾನಿನ ಅಗಸಿಗಳನ್ನು ನಿಜಾಮರ ಕಾಲದಲ್ಲೂ ಕಟ್ಟಿದ್ದಾರೆ. ಬಂದೂಕಿನ ಕಿಂಡಿಗಳಿಗೂ ಇದೇ ಮಾತು. ಕಿಂಡಿಯಿರುವ ಮೇಲ್ಭಾಗವನ್ನು ಹಳೆಯ ಗೋಡೆಯ ಮೇಲೆ ಆಮೇಲೆ ಏರಿಸಿರಬಹುದು, ಗಾರೆಯ ಬಣ್ಣ ಬದಲಾಗುವ ಗೆರೆಯನ್ನು ಹುಡುಕಿ.

ಅಕ್ಷರವಿರುವ ಕಲ್ಲು

ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇತ್ತು. ಮೂರ್ತಿ ನಿಲ್ಲಿಸಲೆಂದು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಆದ್ದರಿಂದ ಮೆಟ್ಟಿಲು, ಹೊಸ್ತಿಲು, ಬಟ್ಟೆ ಒಗೆಯುವ ಬಂಡೆ, ದನ ಕಟ್ಟುವ ಗೂಟದ ಕಲ್ಲು, ಹನುಮಪ್ಪನ ಕಟ್ಟೆ ಒಂದನ್ನೂ ಬಿಡಬೇಡಿ. ಕಲ್ಲಿನ ತಲೆಯಲ್ಲಿ ಸೂರ್ಯ-ಚಂದ್ರ, ಲಿಂಗ, ಆಕಳು-ಕರು ಕೆತ್ತಿದ್ದರೆ ಕೆಳಗೆ ದಾನಶಾಸನ ಇರುವ ಸಾಧ್ಯತೆ ಹೆಚ್ಚು, ಅರ್ಧ ಹೂತಿದ್ದರೂ ಸರಿ.

ಬರೀ ನೀರು, ಮೆತ್ತನೆಯ ಬ್ರಷ್ಷು ಸಾಕು. ಸುಣ್ಣದಕಡ್ಡಿ, ವಿಭೂತಿ, ಎಣ್ಣೆ, ತಂತಿಬ್ರಷ್ಷು ಯಾವುದೂ ಬೇಡ. ತಂತಿಬ್ರಷ್ಷು ಒಂದೇ ಸಲಕ್ಕೆ ಕೊಂಬು-ಒತ್ತುಗಳನ್ನು ಅಳಿಸುತ್ತದೆ, ಎಣ್ಣೆಗೆ ಧೂಳು ಕೂತು ಗಟ್ಟಿಯಾಗುತ್ತದೆ. ಫೋಟೋಕ್ಕೆ ಕತ್ತಲಾದ ಮೇಲೆ ಬನ್ನಿ. ಬ್ಯಾಟರಿಯನ್ನು ಕಲ್ಲಿನ ಎಡಮಗ್ಗುಲಿಗೆ, ಮೇಲ್ಮೈಗೆ ಬಹುತೇಕ ತಾಗುವಂತೆ ಹಿಡಿದರೆ ಹಗಲಿನಲ್ಲಿ ನುಣ್ಣಗೆ ಕಂಡ ಕಲ್ಲಿನಲ್ಲಿ ಒಂದೊಂದೇ ಸಾಲು ನೆರಳಾಗಿ ಏಳುತ್ತದೆ. ಬಲದಿಂದಲೂ, ಮೇಲಿನಿಂದಲೂ ಹೀಗೇ ಬೆಳಕು ಬಿಟ್ಟು ಮೂರು ಫೋಟೋ ತೆಗೆಯಿರಿ. ಸಂರಕ್ಷಿತ ಸ್ಮಾರಕವಾದರೆ ಕಾಗದದ ಅಚ್ಚು ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಗೆಯುವುದಂತೂ ಎಲ್ಲಿಯೂ ಕೂಡದು. ನಾಣ್ಯ, ತಾಮ್ರಪಟ ಸಿಕ್ಕರೆ ಕಂದಾಯ ಅಧಿಕಾರಿಗಳಿಗೆ ತಿಳಿಸಬೇಕು.

ಶಾಸನವನ್ನು ಓದಿಸುವ ಮೊದಲು ಅದು ಆಗಲೇ ಅಚ್ಚಾಗಿದೆಯೇ ಎಂದು ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಲ್ಲಿ ನೋಡಿ. ಯಾದಗಿರಿಯವರು ಕಲಬುರಗಿ ಜಿಲ್ಲೆಯ ಕೆಳಗೆ ಹುಡುಕಬೇಕು, ಏಕೆಂದರೆ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಅದಕ್ಕಿಂತ ಹಿಂದಿನದೆಲ್ಲ ‘ಗುಲ್ಬರ್ಗಾ’ ಹೆಸರಿನಲ್ಲಿದೆ. ಊರಿನ ಹೆಸರಿನ ಉರ್ದು, ಮರಾಠಿ, ಇಂಗ್ಲಿಷ್ ರೂಪಗಳನ್ನೂ ಬರೆದಿಟ್ಟುಕೊಂಡು ಹುಡುಕಿ. ಸುರಪುರ ಹಳೆಯ ಕಾಗದಗಳಲ್ಲಿ ‘ಶೋರಾಪುರ’, ಮಾನ್ಯಖೇಟ ಇಂದಿನ ಮಳಖೇಡ.

ವರ್ಷಗಳ ಲೆಕ್ಕ

ಇಂಗ್ಲಿಷ್ ವರ್ಷ ಬೇಕಾದರೆ ಶಕವರ್ಷಕ್ಕೆ 78 ಕೂಡಿಸಿ. ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರು ಮಾಡಿದ ಚಾಳುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಿ. ಕಲ್ಲಿನಲ್ಲಿ ‘ವಿಕ್ರಮ ವರ್ಷ 12, ಪ್ರಭವ ಸಂವತ್ಸರ’ ಎಂದಿದ್ದರೆ 1087. 1987ರಲ್ಲಿ ಪ್ರಭವ ಬಂದಿತ್ತು, ಅಲ್ಲಿಂದ 60ರಂತೆ ಹಿಂದೆ ಹೋದರೆ 1087ಕ್ಕೂ ಪ್ರಭವವೇ ಬರುತ್ತದೆ, ತಾಳೆಯಾಯಿತು. ಆಗದಿದ್ದರೆ ಅಂಕಿಯನ್ನು ತಪ್ಪು ಓದಿರಬಹುದು, ಕಲ್ಲಿಗೆ ಮತ್ತೆ ಹೋಗಿ. ಪಾರ್ಸಿ ಬರಹಕ್ಕೆ ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. ಕಲಬುರಗಿ ಕೋಟೆಯ ಜಾಮಿ ಮಸೀದಿಯ ಹಿಜರಿ 769 ಹೀಗೆ 1367ಕ್ಕೆ ಬರುತ್ತದೆ. ನಿಜಾಮರ ಕಂದಾಯ ಕಾಗದದಲ್ಲಿರುವುದು ಹಿಜರಿಯಲ್ಲ, ಫಸಲಿ ಎಂಬ ಕಂದಾಯದ ವರ್ಷ. ಅದಕ್ಕೆ 590 ಕೂಡಿಸಿ: ಫಸಲಿ 1340 ಎಂದರೆ 1930-31. ಇವೆರಡನ್ನು ಕಲೆಸಿದರೆ ಲೆಕ್ಕ ಹಲವು ವರ್ಷ ತಪ್ಪುತ್ತದೆ.

ಕಾಗದ ಮತ್ತು ಹಿರಿಯರು

1948ರ ಹಿಂದೆ ಊರು ಯಾರದಾಗಿತ್ತು ಎಂಬುದು ಮೊದಲ ಪ್ರಶ್ನೆ. ದಿವಾನಿಯೋ (ನಿಜಾಮ ಸರ್ಕಾರದ ನೇರ ಆಡಳಿತದ್ದು), ಸರ್ಫ್-ಎ-ಖಾಸೋ (ನಿಜಾಮರ ಸ್ವಂತದ್ದು), ಪಾಯಗಾವೋ (ಸೈನ್ಯ ಸಾಕಲೆಂದು ಸರದಾರರಿಗೆ ಕೊಟ್ಟದ್ದು), ಜಹಗೀರೋ? ದಾಖಲೆ ಎಲ್ಲಿರಬಹುದು ಎಂಬುದು ಇದರ ಮೇಲೆ ನಿಂತಿದೆ. ಜಹಗೀರುಗಳು 1949ರಲ್ಲಿ ರದ್ದಾದವು. ತಹಶೀಲಿನಲ್ಲಿ 1954-55ರ ಖಾಸ್ರಾ ಪಹಣಿ (ಹೊಲಗಳ ದಾಖಲೆ) ಮತ್ತು ಗ್ರಾಮ ನಕ್ಷೆ ಕೇಳಿ, ಹುಡೇವು ಇರುವ ಸರ್ವೆ ನಂಬರನ್ನು ಗುರುತಿಸಿ. ನಿಜಾಮ ಸರ್ಕಾರದ ಕಡತಗಳು ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿವೆ. ಮಾಲಿಪಾಟೀಲ, ಕುಲಕರ್ಣಿ, ದೇಶಮುಖ ಮನೆತನಗಳ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ, ಪಾರ್ಸಿಯ ಸನದುಗಳು (ಹಕ್ಕುಪತ್ರಗಳು) ಇರುತ್ತವೆ. ಕಾಗದವನ್ನು ಮನೆಯಿಂದ ಹೊರಗೆ ಒಯ್ಯಬೇಡಿ, ಅಂಗಳದ ಬೆಳಕಿನಲ್ಲೇ ಫೋಟೋ ತೆಗೆದು ಅಲ್ಲೇ ಮರಳಿಸಿ. ಹೆಳವರು ಊರಿಗೆ ಬಂದರೆ ಅವರು ಹೇಳುವ ವಂಶಾವಳಿಯನ್ನು ಪೂರ್ತಿ ರೆಕಾರ್ಡ್ ಮಾಡಿ.

ಹಿರಿಯರ ಹತ್ತಿರ ‘ಕೋಟೆ ಯಾವಾಗ ಕಟ್ಟಿದ್ರು?’ ಎಂದು ಕೇಳಿದರೆ ಎಲ್ಲರೂ ಕೇಳಿದ ಕಥೆಯನ್ನೇ ಹೇಳುತ್ತಾರೆ. ‘ಮುತ್ಯಾ, ನೀವು ಸಣ್ಣವರಿದ್ದಾಗ ವಾಡೇದಾಗ ಏನೇನಿತ್ತು? ಬಿದ್ದ ಕಲ್ಲು ಯಾರ್ಯಾರ ಮನಿಗಿ ಹೋದ್ವು?’ ಎಂದು ಕೇಳಿ. ಆಗ ಕಣ್ಣಾರೆ ಕಂಡದ್ದು ಹೊರಬರುತ್ತದೆ. ವರ್ಷ ಗೊತ್ತಿಲ್ಲದವರಿಗೆ ಗುರುತು ಕೊಡಿ: ರಜಾಕಾರರ ಗದ್ದಲದ ಮುಂಚೆಯೋ ಆಮೇಲೋ, 1972ರ ಬರಗಾಲದ ಹೊತ್ತಿಗೆ ಬುರುಜು ನಿಂತಿತ್ತೋ ಇಲ್ಲವೋ. ಕಥೆಯನ್ನು ಬಿಸಾಡಬೇಡಿ, ಅದೂ ಊರಿನ ಆಸ್ತಿ. ಆದರೆ ‘ಊರಿನವರು ಹೇಳುವಂತೆ’ ಎಂದು ಬೇರೆ ಹಾಳೆಯಲ್ಲಿ ಇಡಿ.

ಪುಸ್ತಕವನ್ನು ಹೊಲಿದ ದಪ್ಪ ರಿಜಿಸ್ಟರಿನಲ್ಲಿ ಬರೆಯಿರಿ. ಎಡಪುಟದಲ್ಲಿ ಮಾತು, ಬಲಪುಟದಲ್ಲಿ ಅದು ಎಲ್ಲಿಂದ ಬಂತು: ಯಾವ ಕಲ್ಲು, ಯಾವ ಕಾಗದ, ಯಾರ ಬಾಯಿ, ಯಾವ ದಿನ. ಬಲಪುಟ ಖಾಲಿ ಇರುವ ಮಾತಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ಒಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಶಾಲೆಗೆ. ಹುಡೇವಿನ ಅದೇ ನಾಲ್ಕು ಮಗ್ಗುಲಿನ ಫೋಟೋವನ್ನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಅದೇ ಜಾಗದಲ್ಲಿ ನಿಂತು ತೆಗೆದು ಅಂಟಿಸಿ.