ಮಧ್ಯಮ ಬೆಲೆಯ ಫೋನು ಆರಿಸುವ ಬಗೆ: ಅಂಗಡಿಯಲ್ಲಿ ಅರ್ಧ ತಾಸು, ಮನೆಯಲ್ಲಿ ಒಂದು ವಾರ

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ಹದಿನೈದರಿಂದ ಮೂವತ್ತು ಸಾವಿರದೊಳಗಿನ ಫೋನು ತೋರಿಸಿರಿ ಎಂದು ಕೇಳಿದರೆ, ಗಾಜಿನ ಮೇಜಿನ ಮೇಲೆ ಐದಾರು ಫೋನುಗಳು ಸಾಲಾಗಿ ಬಂದು ಕೂಡುತ್ತವೆ. ಎಲ್ಲವೂ ಹೊಳೆಯುತ್ತವೆ; ಬಹುತೇಕ ಪೆಟ್ಟಿಗೆಗಳ ಮೇಲೆ 50 ಮೆಗಾಪಿಕ್ಸೆಲ್, 5000 ಎಂಎಎಚ್, 120 ಹರ್ಟ್ಸ್ ಎಂಬ ಅವೇ ಅಂಕಿಗಳಿರುತ್ತವೆ. ಈ ಬೆಲೆಯಲ್ಲಿ ಅಂಕಿಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವುಗಳನ್ನು ತಾಳೆ ನೋಡಿ ಒಳ್ಳೆಯ ಫೋನನ್ನು ಗುರುತಿಸುವುದು ಆಗದ ಮಾತು. ಅದನ್ನು ಬಳಸುವವರ ದಿನಚರಿಯನ್ನೇ ಅಳತೆಗೋಲಾಗಿ ಹಿಡಿದು ನೋಡಬೇಕು.

ಅಂಗಡಿಗೆ ಹೊರಡುವ ಹಿಂದಿನ ದಿನ ಒಂದು ಹಾಳೆಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಫೋನು ಎಲ್ಲೆಲ್ಲಿ, ಎಂಥ ಬೆಳಕಿನಲ್ಲಿ, ಎಂಥ ಕೈಯಲ್ಲಿ, ಯಾವ ಕೆಲಸಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಬರೆದುಕೊಳ್ಳಿರಿ. ಗದಗ-ಬೆಟಗೇರಿಯಲ್ಲಿ ಖಾನಾವಳಿ ನಡೆಸುವ ನನ್ನ ಅಕ್ಕನಿಗೆ ಮೊದಲ ಸಲ ಫೋನು ಕೊಡಿಸಿದಾಗ ನಾನು ಈ ಕೆಲಸ ಮಾಡಿರಲಿಲ್ಲ. ಪರದೆಯ ಒಳಗೇ ಬೆರಳಚ್ಚು ಓದುವ, ನೋಡಲು ಬಹಳ ಅಂದವಾದ ಫೋನನ್ನು ಆರಿಸಿ ಒಯ್ದು ಕೊಟ್ಟೆ. ಅಕ್ಕನ ಕೈಗೆ ದಿನದ ಆರೇಳು ತಾಸು ಜೋಳದ ಹಿಟ್ಟು ಮೆತ್ತಿರುತ್ತದೆ. ಹೆಂಚಿನ ಕಾವಿಗೆ, ವರ್ಷಗಟ್ಟಲೆ ರೊಟ್ಟಿ ಬಡಿದದ್ದಕ್ಕೆ ಬೆರಳಿನ ಗೆರೆಗಳೇ ಸವೆದಿವೆ. ಊಟ ಮುಗಿಸಿದವರು ಹಣ ಕಳಿಸಿ ನಿಂತಾಗ, ಅದು ಬಂದಿದೆಯೇ ಎಂದು ನೋಡಲು ಆಕೆ ಮೂರು ಮೂರು ಸಲ ಬೆರಳು ಒತ್ತಿದರೂ ಪರದೆ ತೆರೆಯುತ್ತಿರಲಿಲ್ಲ. "ತಮ್ಮಾ, ರೊಟ್ಟಿ ಬಡಿಯೂದು ಬಿಟ್ಟು ಎಷ್ಟ್ ಸಲ ಕೈ ತೊಳಕೊಳ್ಳಲೋ?" ಎಂದು ಆಕೆ ಕೇಳಿದ ಮೇಲೆ ನನಗೆ ತಪ್ಪಿನ ಅರಿವಾಯಿತು. ಈ ಬೆಲೆಯ ಫೋನುಗಳಲ್ಲಿ ಪರದೆಯೊಳಗಿನ ಓದುಗ ಸಾಮಾನ್ಯವಾಗಿ ಬೆಳಕಿನಿಂದ ಬೆರಳಿನ ಚಿತ್ರ ತೆಗೆಯುವಂಥದ್ದು. ಗೆರೆ ಸವೆದಿದ್ದರೆ, ಬೆರಳು ಒಣಗಿ ಬಿರಿದಿದ್ದರೆ, ಪರದೆಯ ಮೇಲೆ ಅಗ್ಗದ ಗಾಜು ಅಂಟಿಸಿದ್ದರೆ ಅದು ತಡವರಿಸುತ್ತದೆ. ಪಕ್ಕದ ಗುಂಡಿಯಲ್ಲಿರುವ ಓದುಗ ಒರಟು ಕೈಗಳಿಗೆ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನುಭವ. ಹೊಲದ ಕೆಲಸ, ಗೌಂಡಿ ಕೆಲಸ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಕೆಲಸ ಮಾಡುವವರಿಗೆ ಫೋನು ಕೊಡಿಸುವುದಿದ್ದರೆ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಬೆರಳನ್ನು ನೋಂದಾಯಿಸಿ, ಹತ್ತು ಸಲ ತೆರೆದು ನೋಡಿರಿ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಸಲ ತಪ್ಪಿದರೆ ಬೇರೆ ಫೋನು ನೋಡುವುದು ಲೇಸು.

ಫೋನಿನ ಮೊದಲ ಕೆಲಸ ಮಾತಾಡುವುದು, ಆದರೂ ಅಂಗಡಿಯಲ್ಲಿ ಅದನ್ನು ಪರೀಕ್ಷಿಸುವವರು ವಿರಳ. ನಿಮ್ಮ ಸಿಮ್ ಹಾಕಿ ಮನೆಗೊಂದು ಕರೆ ಮಾಡಿರಿ. ಅಂಗಡಿಯ ಹೊರಗೆ ವಾಹನಗಳ ಗದ್ದಲದಲ್ಲಿ ನಿಂತು ಮಾತಾಡಿರಿ. ನಿಮ್ಮ ದನಿ ಅವರಿಗೆ ಹೇಗೆ ಕೇಳಿತು ಎಂಬುದನ್ನೂ ವಿಚಾರಿಸಿರಿ. ಫೋನನ್ನು ಕಿವಿಗೆ ಹಿಡಿದಾಗ ಪರದೆ ಆರಬೇಕು, ತೆಗೆದಾಗ ಕೂಡಲೇ ಬೆಳಗಬೇಕು. ಇದನ್ನು ಮಾಡುವ ಪ್ರಾಕ್ಸಿಮಿಟಿ ಸೆನ್ಸರನ್ನು ಕೆಲವು ಫೋನುಗಳಲ್ಲಿ ಪ್ರತ್ಯೇಕವಾಗಿ ಕೂಡಿಸಿರುವುದಿಲ್ಲ. ಫೋನಿನ ಚಲನೆಯಿಂದಲೋ ಕಿವಿಗೆ ಕೇಳದ ಸದ್ದಿನಿಂದಲೋ ಅಂದಾಜು ಮಾಡುವ ಸಾಫ್ಟ್‌ವೇರ್ ಇರುತ್ತದೆ. ಆ ಅಂದಾಜು ತಪ್ಪಿದಾಗ ಕೆನ್ನೆ ತಗುಲಿ ಮಾತು ಮ್ಯೂಟ್ ಆಗುತ್ತದೆ, ಇಲ್ಲವೇ ಕರೆಯೇ ಕಡಿದುಹೋಗುತ್ತದೆ. ಕನಿಷ್ಠ ಐದು ನಿಮಿಷ, ಭುಜ ಬದಲಿಸಿ, ನಡೆದಾಡುತ್ತ ಮಾತಾಡಿದರೆ ಈ ದೋಷ ಅಲ್ಲಿಯೇ ಗೊತ್ತಾಗುತ್ತದೆ.

ಇನ್ನು ಕನ್ನಡ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರವನ್ನು ಅತಿ ದೊಡ್ಡದು ಮಾಡಿ, ನಿಮಗೆ ನೀವೇ ಒಂದು ಸಂದೇಶ ಕಳಿಸಿಕೊಳ್ಳಿರಿ. ಪರೀಕ್ಷೆಗೆ ನಮ್ಮ ಜಿಲ್ಲೆಯಲ್ಲಿಯೇ ಒಳ್ಳೆಯ ಪದವೊಂದಿದೆ: ಲಕ್ಷ್ಮೇಶ್ವರ. ಇದರ 'ಕ್ಷ್ಮೇ' ಎಂಬ ಅಕ್ಷರದಲ್ಲಿ ಕ-ಕಾರದ ಕೆಳಗೆ ಷ-ಕಾರದ ಒತ್ತು, ಅದಕ್ಕೆ ಮತ್ತೆ ಮ-ಕಾರದ ಒತ್ತು, ಮೇಲೆ ದೀರ್ಘ. ಅಧಿಸೂಚನೆಯ ಪಟ್ಟಿಯಲ್ಲಿ ಸಾಲಿನ ಎತ್ತರ ಸಾಲದಿದ್ದರೆ ಕೆಳಗಿನ ಒತ್ತು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಕಂಪನಿಯ ಅಲಂಕಾರದ ಫಾಂಟುಗಳನ್ನು ಹಾಕಿದರೆ ಕೆಲವೊಮ್ಮೆ ಕನ್ನಡವೊಂದೇ ಬೇರೆ ಅಚ್ಚಿನಲ್ಲಿ ಸಣ್ಣದಾಗಿ ಕಾಣುತ್ತದೆ. 'ಸ್ವಾತಂತ್ರ್ಯ', 'ಅರ್ಘ್ಯ' ಎಂಬ ಪದಗಳನ್ನೂ ಬರೆದು ನೋಡಬಹುದು. ಕೀಲಿಮಣೆಯನ್ನು ಬೇರೆ ಹಾಕಿಕೊಳ್ಳಬಹುದು, ಆದರೆ ಸೆಟ್ಟಿಂಗ್‌ನ ಅರ್ಧ ಪುಟ ಕನ್ನಡದಲ್ಲಿಯೂ ಉಳಿದರ್ಧ ಇಂಗ್ಲಿಷಿನಲ್ಲಿಯೂ ಇದ್ದರೆ ಅದನ್ನು ನಾವು ಸರಿಪಡಿಸಲಾಗದು. ಹೇಳಿ ಬರೆಸುವ ಸೌಲಭ್ಯವನ್ನು ಬಳಸುವವರು ತಮ್ಮ ಮನೆಮಾತಿನ ಧಾಟಿಯಲ್ಲಿಯೇ ಎರಡು ವಾಕ್ಯ ಹೇಳಿ ನೋಡಲಿ. ಗ್ರಾಂಥಿಕ ಕನ್ನಡವನ್ನು ಸರಿಯಾಗಿ ಬರೆದುಕೊಳ್ಳುವ ಫೋನು 'ಹೋಗೂಣ', 'ಬರ್ರಿ' ಎಂಬಲ್ಲಿ ಎಡವಬಹುದು. ಕನ್ನಡದಲ್ಲಿಯೇ ಓದಿ ಬರೆಯುವ ಹಿರಿಯರಿಗೆ ಕ್ಯಾಮೆರಾಕ್ಕಿಂತ ಇದು ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ.

ಪರದೆಯನ್ನು ಅಂಗಡಿಯ ತಂಪು ದೀಪದಲ್ಲಿ ನೋಡಿ ಒಪ್ಪಬೇಡಿರಿ. ಪೆಟ್ಟಿಗೆಯ ಮೇಲೆ ಬರೆದ ಸಾವಿರಾರು ನಿಟ್ಸ್ ಎಂಬ ಗರಿಷ್ಠ ಬೆಳಕು ಸಾಮಾನ್ಯವಾಗಿ ಎಚ್‌ಡಿಆರ್ ಎಂಬ, ಹೊಳಪು-ನೆರಳಿನ ಅಂತರ ಹೆಚ್ಚಿರುವ ವಿಡಿಯೊ ದೃಶ್ಯದಲ್ಲಿ, ಪರದೆಯ ಒಂದು ಸಣ್ಣ ಭಾಗಕ್ಕೆ ಸಂಬಂಧಿಸಿದ ಸಂಖ್ಯೆ. ಇಡೀ ಪರದೆ ಬಿಸಿಲಿನಲ್ಲಿ ಎಷ್ಟು ಬೆಳಗುತ್ತದೆ ಎಂಬುದು ಬೇರೆ. ಮಧ್ಯಾಹ್ನದ ಹೊತ್ತಿಗೆ ಹೋಗಿ, ಅಂಗಡಿಯವರ ಅನುಮತಿ ಪಡೆದು, ಬಾಗಿಲ ಹೊರಗಿನ ಬಿಸಿಲಿನಲ್ಲಿ ಸಂದೇಶವೊಂದನ್ನು ಓದಿರಿ. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಅಮೋಲೆಡ್ ಪರದೆ ಕಪ್ಪನ್ನು ನಿಜವಾದ ಕಪ್ಪಾಗಿ ತೋರಿಸುತ್ತದೆ. ಆದರೆ ಕಡಿಮೆ ಬೆಳಕಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣುಕುವುದರಿಂದ ಕೆಲವರಿಗೆ ಕಣ್ಣು ದಣಿಯುತ್ತದೆ, ತಲೆ ನೋಯುತ್ತದೆ. ಅಂಥವರಿಗೆ ಹಿಂದಿನಿಂದ ದೀಪ ಬೆಳಗುವ ಎಲ್‌ಸಿಡಿ ಪರದೆಯ ಫೋನೇ ಹಿತವೆನಿಸಬಹುದು.

ಪ್ರೊಸೆಸರಿನ ಹೆಸರಿಗಿಂತ ಸಂಗ್ರಹದ (ಸ್ಟೋರೇಜ್) ಬಗೆಯನ್ನು ಕೇಳಿರಿ. ಇಎಂಎಂಸಿ 5.1 ಸಂಗ್ರಹ ಸೆಕೆಂಡಿಗೆ ಸುಮಾರು 300 ಎಂಬಿ ಓದಿದರೆ, ಯುಎಫ್‌ಎಸ್ 2.2 ಸುಮಾರು 1000 ಎಂಬಿ ಓದುತ್ತದೆ. ಎರಡು ವರ್ಷ ಕಳೆದು ಫೋಟೊ, ವಿಡಿಯೊ ತುಂಬಿದ ಮೇಲೆ ಆ್ಯಪ್ ತೆರೆಯಲು ತಡವಾಗುವುದಕ್ಕೆ ನಿಧಾನದ ಸಂಗ್ರಹವೂ ಒಂದು ದೊಡ್ಡ ಕಾರಣ. 8 ಜಿಬಿ ರ‍್ಯಾಮ್ ಎಂದು ಹೇಳಿ ಅದಕ್ಕೆ ಇನ್ನೂ 8 ಜಿಬಿ 'ವರ್ಚುವಲ್' ಕೂಡಿಸಿ 16 ಎಂದು ಬರೆದಿದ್ದರೆ, ಆ ಕೂಡಿಸಿದ ಭಾಗ ಸಂಗ್ರಹದಿಂದ ಎರವಲು ತಂದದ್ದು ಎಂದು ತಿಳಿಯಿರಿ; ನಿಜವಾದ ರ‍್ಯಾಮಿನ ವೇಗ ಅದಕ್ಕಿಲ್ಲ. ದಿನಬಳಕೆಗೆ ನಿಜವಾದ 8 ಜಿಬಿ ಸಾಕು.

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಸಿಗ್ನಲ್ಲಿನ ಚಿಂತೆ ಅಷ್ಟಾಗಿ ಇಲ್ಲ. ಕಪ್ಪತಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಇರುವವರು ಮಾತ್ರ ಫೋನು ಯಾವ ಯಾವ ತರಂಗ ಪಟ್ಟಿಗಳನ್ನು (ಬ್ಯಾಂಡ್) ಹಿಡಿಯುತ್ತದೆ ಎಂಬುದನ್ನು ಕಂಪನಿಯ ವಿವರಪಟ್ಟಿಯಲ್ಲಿ ನೋಡಲೇಬೇಕು. 5ಜಿಗೆ ಎನ್78 ಎಂಬ 3500 ಮೆಗಾಹರ್ಟ್ಸ್ ಪಟ್ಟಿ ವೇಗ ಕೊಡುತ್ತದೆ, ಆದರೆ ದೂರ ಹೋಗುವುದಿಲ್ಲ; ಎನ್28 ಎಂಬ 700 ಮೆಗಾಹರ್ಟ್ಸ್ ಪಟ್ಟಿ ದೂರದವರೆಗೆ, ಗೋಡೆ ದಾಟಿ ಬರುತ್ತದೆ, ಜಿಯೊ ಅದನ್ನು ಬಳಸುತ್ತದೆ. ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಳ್ಳುವವರು 4ಜಿಯ 28 ಮತ್ತು 1ನೆಯ ಪಟ್ಟಿಗಳು ಇವೆಯೇ ಎಂದು ನೋಡಿಕೊಳ್ಳಬೇಕು.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. 50 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕಿಗಳನ್ನು ಒಂದಾಗಿಸಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ; ಜೊತೆಗಿರುವ 2 ಮೆಗಾಪಿಕ್ಸೆಲ್ ಮ್ಯಾಕ್ರೊ, ಎಂದರೆ ತೀರ ಹತ್ತಿರದ ಚಿತ್ರದ ಕ್ಯಾಮೆರಾ, ಎಣಿಕೆಗಷ್ಟೇ. ಕೈಯ ನಡುಕವನ್ನು ಸರಿದೂಗಿಸುವ ಓಐಎಸ್ ಇದ್ದರೆ ಮಂದ ಬೆಳಕಿನ ಚಿತ್ರ ಕದಲುವುದು ಕಡಿಮೆ. ಅಂಗಡಿಯ ಮೂಲೆಯಲ್ಲಿ, ದೀಪ ಕಡಿಮೆ ಇರುವಲ್ಲಿ, ಒಬ್ಬರ ಮುಖದ ಚಿತ್ರವನ್ನೂ ಒಂದು ಬಿಲ್ಲಿನ ಚಿತ್ರವನ್ನೂ ತೆಗೆದು ಹಿಗ್ಗಿಸಿ ನೋಡಿದರೆ ತಿಳಿಯಬೇಕಾದದ್ದು ತಿಳಿಯುತ್ತದೆ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಫೋನು ತೆಗೆಯುವವರು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಸಂಖ್ಯೆಯನ್ನು ಗಮನಿಸಲಿ. ಐಪಿ64 ಎಂದರೆ ಧೂಳು ಹೊಗುವುದಿಲ್ಲ, ಎಲ್ಲ ಕಡೆಯಿಂದ ಸಿಡಿದ ನೀರನ್ನೂ ತಡೆಯುತ್ತದೆ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ಈ ಪರೀಕ್ಷೆ ನಡೆಯುವುದು ತಿಳಿನೀರಿನಲ್ಲಿ, ಹೊಸ ಫೋನಿನ ಮೇಲೆ. ನೀರು ಹೊಕ್ಕು ಕೆಟ್ಟರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು.

ಫೋನಿನ ಆಯುಷ್ಯವನ್ನು ನಿರ್ಧರಿಸುವುದು, ಕಳ್ಳರು ನುಗ್ಗುವ ಲೋಪಗಳನ್ನು ಮುಚ್ಚಲು ಕಂಪನಿ ಕಳಿಸುವ ಭದ್ರತಾ ಅಪ್‌ಡೇಟು. ಹಣದ ವ್ಯವಹಾರವೆಲ್ಲ ಫೋನಿನಲ್ಲಿಯೇ ನಡೆಯುವ ಈ ಕಾಲದಲ್ಲಿ ಅಪ್‌ಡೇಟ್ ನಿಂತ ಫೋನು ಚಿಲಕವಿಲ್ಲದ ಬಾಗಿಲಿನಂತೆ. 2025ರ ಮಾರ್ಚ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ36ಕ್ಕೆ ಆರು ವರ್ಷದ ಭರವಸೆ ಇದೆ. ಬೇರೆ ಕೆಲವು ಫೋನುಗಳಿಗೆ ಅಷ್ಟು ವರ್ಷದ ಭರವಸೆ ಇರುವುದಿಲ್ಲ. ಈ ಲೆಕ್ಕ ಸಾಮಾನ್ಯವಾಗಿ ಫೋನು ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ, ನೀವು ಕೊಂಡ ದಿನದಿಂದಲ್ಲ. ದೀಪಾವಳಿಯ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾದರಿ ಅಗ್ಗವೆನಿಸಿದರೂ, ಉಳಿದ ವರ್ಷಗಳಿಗೆ ಬೆಲೆಯನ್ನು ಭಾಗಿಸಿ ನೋಡಿದಾಗ ಅದು ತುಟ್ಟಿಯಾಗಬಹುದು.

ಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಮುಚ್ಚಿದ ಪೆಟ್ಟಿಗೆಯನ್ನು ನಿಮ್ಮೆದುರಿಗೇ ತೆರೆಸಿರಿ. *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ, ಎಂದರೆ ಫೋನಿನ ಗುರುತಿನ ಸಂಖ್ಯೆ, ಪೆಟ್ಟಿಗೆಯ ಮೇಲೂ ಜಿಎಸ್‌ಟಿ ಬಿಲ್ಲಿನ ಮೇಲೂ ಒಂದೇ ಇರಬೇಕು. ಕೆವೈಎಂ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ, ಆಮೇಲೆ ಆ ಸಂಖ್ಯೆಯನ್ನು ಬರೆದು 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ವಿವರ ಬರುತ್ತದೆ. ಅದರಲ್ಲಿ ನಿರ್ಬಂಧಿತ ಎಂದೋ ನಕಲು ಎಂದೋ ಬಂದರೆ ಹಣ ಕೊಡಬೇಡಿರಿ. ಬಳಸಿದ ಫೋನು ಕೊಳ್ಳುವಾಗ ಇದನ್ನು ತಪ್ಪಿಸಲೇಬಾರದು. ದೋಷ ಕಂಡರೆ ಎಷ್ಟು ದಿನದೊಳಗೆ ಬದಲಿಸಿ ಕೊಡುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ.

ಮನೆಗೆ ತಂದ ಮೊದಲ ವಾರವೇ ನಿಜವಾದ ಪರೀಕ್ಷೆ. ಮೊದಲ ಎರಡು ದಿನ ಆ್ಯಪ್‌ಗಳು ಇಳಿಯುತ್ತಿರುವುದರಿಂದ ಬ್ಯಾಟರಿಯನ್ನು ಅಳೆಯಬೇಡಿರಿ. ಮೂರನೆಯ ರಾತ್ರಿ ಮಲಗುವಾಗ ಎಷ್ಟು ಶೇಕಡಾ ಇತ್ತು, ಎದ್ದಾಗ ಎಷ್ಟಿತ್ತು ಎಂದು ಬರೆದಿಡಿರಿ. ಎಂಟು ತಾಸಿನಲ್ಲಿ ಐದು ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ ಯಾವ ಆ್ಯಪ್ ತಿನ್ನುತ್ತಿದೆ ಎಂದು ನಾನು ಹುಡುಕತೊಡಗುತ್ತೇನೆ. ಒಂದು ದಿನ ಹತ್ತು ನಿಮಿಷ ಬಿಡದೆ ವಿಡಿಯೊ ತೆಗೆದು ಫೋನು ಹಿಡಿಯಲಾಗದಷ್ಟು ಕಾಯುತ್ತದೆಯೇ ನೋಡಿರಿ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಬೈಕಿಗೆ ಸಿಕ್ಕಿಸಿ, ನಕ್ಷೆ ಹಚ್ಚಿ, ಚಾರ್ಜಿಗೂ ಇಟ್ಟರೆ ಬ್ಯಾಟರಿಯ ಆಯುಷ್ಯ ಬೇಗ ಸವೆಯುತ್ತದೆ. ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್‌ನಲ್ಲಿದ್ದರೆ ಮೊದಲ ದಿನವೇ ಹಚ್ಚಿಡಿರಿ. ಬೇಡದ ಆ್ಯಪ್‌ಗಳನ್ನೂ ಲಾಕ್ ಪರದೆಯ ಜಾಹೀರಾತುಗಳನ್ನೂ ಅದೇ ದಿನ ತೆಗೆಯಿರಿ. ತೆಗೆಯಲು ಬಾರದ ಆ್ಯಪ್‌ಗಳು ಬಹಳ ಇದ್ದರೆ ಅದನ್ನೂ ಫೋನಿನ ದೋಷವೆಂದೇ ನಾನು ಎಣಿಸುತ್ತೇನೆ.

ಅಕ್ಕನಿಗೆ ಎರಡನೆಯ ಸಲ ಆರಿಸಿದ ಫೋನಿನ ಪರದೆ ಎಲ್‌ಸಿಡಿ, ಬೆರಳಚ್ಚು ಪಕ್ಕದ ಗುಂಡಿಯಲ್ಲಿ, ಬೆಲೆ ಮೊದಲನೆಯದಕ್ಕಿಂತ ನಾಲ್ಕು ಸಾವಿರ ಕಡಿಮೆ. ಅಂಗಡಿಯಲ್ಲಿ ಆಕೆ ತನ್ನ ಹೆಬ್ಬೆರಳನ್ನು ತಾನೇ ನೋಂದಾಯಿಸಿ, ಹತ್ತು ಸಲ ತೆರೆದು ನೋಡಿ, ಲಕ್ಷ್ಮೇಶ್ವರದ ಅತ್ತೆಗೆ ಕರೆ ಮಾಡಿ ಐದು ನಿಮಿಷ ಮಾತಾಡಿದ ಮೇಲೆಯೇ ಬಿಲ್ಲು ಮಾಡಿಸಿದಳು.