422 ಅನ್ನುವ ಮೂರಂಕಿ ಹಿಡಿದು ಹಣ ಹುಡುಕಿದ್ದು

"ನಮ್ಮ ಕಾಲೊನಿ ಹಣ ಎಲ್ಲಿ ಹೋಯ್ತು ಸರ್?" ಅಂತ ಕೇಳಿದರೆ ಯಾವ ಕಚೇರಿಯಲ್ಲೂ ಉತ್ತರ ಸಿಗುವುದಿಲ್ಲ. "ಯಾವ ಲೆಕ್ಕ ಶೀರ್ಷಿಕೆಯಿಂದ, ಯಾವ ಆದೇಶದ ಮೇಲೆ ಹೋಯ್ತು?" ಅಂತ ಬರೆದು ಕೊಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ. ಲೆಕ್ಕ ಶೀರ್ಷಿಕೆ ಅಂದರೆ ಬಜೆಟ್ಟಿನಲ್ಲಿ ಒಂದೊಂದು ಖರ್ಚಿಗೂ ಕೊಟ್ಟಿರುವ ಸಂಖ್ಯೆ. ವಿಜಯಪುರ ಜಿಲ್ಲೆಯಲ್ಲಿ ಪರಿಶಿಷ್ಟರ ಕಾಲೊನಿಗಳ ಕಾಮಗಾರಿ ಬೆನ್ನು ಹತ್ತಿ ಓಡಾಡುತ್ತಾ ನಾನು ಕಲಿತದ್ದು ಇದು.

ಮೊದಲು ದಾರಿ ಗೊತ್ತಿರಬೇಕು. ರಾಜ್ಯದ ತೆರಿಗೆ, ಸಾಲ ಎಲ್ಲ ಸೇರುವುದು ಸಂಚಿತ ನಿಧಿಗೆ. ಅದರಿಂದ ಹಣ ತೆಗೆಯಲು ಶಾಸನಸಭೆ ಧನವಿನಿಯೋಗ ಕಾಯ್ದೆ ಪಾಸು ಮಾಡಬೇಕು. ಒಂದೇ ಬೇಡಿಕೆಯೊಳಗೆ, ಅಂದರೆ ಸದನ ಒಟ್ಟಿಗೆ ಮಂಜೂರು ಮಾಡುವ ಒಂದು ಅನುದಾನದೊಳಗೆ, ಒಂದು ಬಾಬಿನಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಹಾಕುವುದು ಪುನರ್ವಿನಿಯೋಗ. ಅದಕ್ಕೆ ಸರ್ಕಾರದ ಮಟ್ಟದ ಆದೇಶ ಸಾಕು, ಸದನದ ಮುಂದೆ ಹೋಗಬೇಕಿಲ್ಲ. ಬೇಡಿಕೆಯ ಗಡಿ ದಾಟಿ ಹೀಗೆ ಹಣ ಒಯ್ಯುವಂತಿಲ್ಲ. ಹೆಚ್ಚಿಗೆ ಬೇಕಿದ್ದರೆ ಪೂರಕ ಅಂದಾಜು ತಂದು ಸದನದ ಒಪ್ಪಿಗೆ ಪಡೆಯಬೇಕು, ಸಂವಿಧಾನದ 205ನೇ ವಿಧಿ ಹೇಳುವುದು ಇದನ್ನೇ. ತುರ್ತಿಗೆ ಸಾದಿಲ್ವಾರು ನಿಧಿ ಇದೆ, ಆದರೆ ಅಲ್ಲಿಂದ ತೆಗೆದದ್ದನ್ನು ಆಮೇಲೆ ಸದನದ ಒಪ್ಪಿಗೆ ಪಡೆದು ತುಂಬಬೇಕು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ನಮ್ಮ ಭಾಗದ ಜನರ ಗಮನವೆಲ್ಲ ಹೊರಗಿನ ಧರಣಿಗಳ ಮೇಲೆ. ಪೂರಕ ಅಂದಾಜು ಬಂದರೂ ಅದರ ಪುಸ್ತಕ ತೆರೆದು ನೋಡುವವರು ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಆ ಪುಸ್ತಕ ಓದುವುದು ಕಷ್ಟವೇನಲ್ಲ. ಶೀರ್ಷಿಕೆಯ ಮೊದಲ ಅಂಕಿ ನೋಡಿ. 2 ಅಥವಾ 3 ಇದ್ದರೆ ರಾಜಸ್ವ ವೆಚ್ಚ (ನಿತ್ಯದ ಖರ್ಚು), 4 ಅಥವಾ 5 ಇದ್ದರೆ ಬಂಡವಾಳ ವೆಚ್ಚ (ಆಸ್ತಿ ಕಟ್ಟುವ ಖರ್ಚು). 2225 ಅಂದರೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಕಲ್ಯಾಣ. 5054 ಅಂದರೆ ರಸ್ತೆ, ಸೇತುವೆಗಳ ಬಂಡವಾಳ. ಸಾಲಿನ ಕೊನೆಗೆ 422 ಇದ್ದರೆ ಅದು ಪರಿಶಿಷ್ಟ ಜಾತಿ ಉಪಯೋಜನೆಯ ದುಡ್ಡು, 423 ಇದ್ದರೆ ಗಿರಿಜನ ಉಪಯೋಜನೆಯದು. ಇಲಾಖೆ ಯಾವುದೇ ಇರಲಿ, ನಾನು ಪುಟ ತಿರುವುತ್ತಾ ಬೆರಳಿಡುವುದು ಈ ಎರಡು ಸಂಖ್ಯೆಗಳ ಮೇಲೆ.

ಈ ಹಣಕ್ಕೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ, 2013ರದ್ದು. ಜನಸಂಖ್ಯೆಗೆ ತಕ್ಕಂತೆ, ಅಂದರೆ ಪರಿಶಿಷ್ಟ ಜಾತಿಗೆ 17.15, ಪಂಗಡಕ್ಕೆ 6.95, ಒಟ್ಟು ಶೇ. 24.1ರಷ್ಟು ತೆಗೆದಿಡಬೇಕು. ಆದರೆ ಆ ಕಾಯ್ದೆಯಲ್ಲೇ 7(ಡಿ) ಕಲಂ ಅಂತ ಒಂದು ಕಿಂಡಿ ಇತ್ತು. ಬಿಡಿಸಿ ಹಂಚಲಾಗದ ದೊಡ್ಡ ಕಾಮಗಾರಿಯ ಒಂದು ಪಾಲನ್ನು ಪರಿಶಿಷ್ಟರಿಗೇ ಖರ್ಚಾಯಿತು ಎಂದು ಭಾವಿಸಬಹುದಿತ್ತು. ಭಾವಿಸಿದರೆ ಸಾಕು, ಚರಂಡಿ ಕಟ್ಟಬೇಕಿಲ್ಲ!

ನಮ್ಮ ಕಡೆ ಹೀಗಾಯಿತು. ಕಾಲೊನಿಯ ಚರಂಡಿ ಕೆಲಸ ವರ್ಷ ಕಳೆದರೂ ಶುರುವಾಗಲಿಲ್ಲ, ಕೇಳಿದರೆ ಅನುದಾನ ಮುಗಿದಿದೆ ಅಂದರು. ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಸುಮ್ನೆ ಕಥೆ ಬರೆಯಲಿಲ್ಲ. ಆ ವರ್ಷ ತಾಲ್ಲೂಕಿನಲ್ಲಿ 422ರ ಅಡಿ ಕೈಗೊಂಡ ಕಾಮಗಾರಿಗಳ ಪಟ್ಟಿ, ಬಿಡುಗಡೆ ಆದೇಶ, ಪುನರ್ವಿನಿಯೋಗ ಆಗಿದ್ದರೆ ಅದರ ಪ್ರತಿ. ಅಷ್ಟೇ ಕೇಳಿದೆ. 30 ದಿನದಲ್ಲಿ ಉತ್ತರ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು.

ಪಟ್ಟಿಯಲ್ಲಿ ಒಂದು ರಸ್ತೆ ಇತ್ತು. ಊರ ಹುಡುಗರನ್ನು ಕರೆದುಕೊಂಡು ಆ ರಸ್ತೆ ಉದ್ದಕ್ಕೂ ನಡೆದೆವು. ಜೋಳದ ಹೊಲ, ಒಂದು ಗೋದಾಮು, ಮುಂದೆ ಮುಖ್ಯರಸ್ತೆ. ಕಾಲೊನಿಯನ್ನು ಅದು ಎಲ್ಲೂ ಮುಟ್ಟುವುದಿಲ್ಲ. ಕೈನಕ್ಷೆ ಬರೆದು, ಫೋಟೊ ಹಚ್ಚಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಮೇಲಿನವರಿಗೆ ಕಳಿಸಿದೆವು. ಹೋದ ಹಣ ವಾಪಸ್ ಬರಲಿಲ್ಲ. ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಚರಂಡಿ ಸೇರಿತು. ನನ್ನ ಪ್ರಕಾರ ಕೆಲಸ ಮಾಡಿದ್ದು ನಕ್ಷೆಗಿಂತ ಜಾಸ್ತಿ ಆ ಠರಾವು. ಒಬ್ಬನ ಅರ್ಜಿಯನ್ನು ಪಕ್ಕಕ್ಕಿಡಬಹುದು, ಸಭೆಯ ನಡಾವಳಿಯನ್ನು ಅಷ್ಟು ಸುಲಭವಾಗಿ ಇಡಲಾಗುವುದಿಲ್ಲ ಅಲ್ವಾ?

7(ಡಿ)ಯನ್ನು 2023ರಲ್ಲಿ ತೆಗೆದರು. ರಾಜ್ಯದ ತುಂಬ ಸಂಘಟನೆಗಳು ವರ್ಷಗಟ್ಟಲೆ ಕೂಗಿದ್ದರಿಂದ ಆದದ್ದು ಅದು. ಈಗಿನ ವಾದ ಗ್ಯಾರಂಟಿ ಯೋಜನೆಗಳಿಗೆ ಈ ಹಣದಿಂದ ಕೊಟ್ಟದ್ದರ ಮೇಲೆ. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಅನ್ನುವುದು ಸರ್ಕಾರದ ಮಾತು. ಎಲ್ಲರಿಗೂ ಸಿಗುವುದನ್ನು ಇವರ ಪಾಲಿನಿಂದ ಯಾಕೆ ಕೊಡಬೇಕು ಅನ್ನುವುದು ನಮ್ಮ ಮಾತು, ಅದನ್ನು ನಾನು ಬಿಡುವುದಿಲ್ಲ.

ನೀವೂ ಶುರು ಮಾಡುವುದಿದ್ದರೆ ಮಾರ್ಚ್ 31 ಕಳೆದ ಮೇಲೆ ಅರ್ಜಿ ಹಾಕಿ. ವರ್ಷದ ಕೊನೆ ವಾರಗಳಲ್ಲಿ ಹೊರಡುವ ಆದೇಶಗಳೂ ಪಟ್ಟಿಗೆ ಸೇರುತ್ತವೆ.