ಕಟಕ್ ಎನ್ನದ ಡಿಕ್ಕಿ

ಕಲಬುರಗಿಯಲ್ಲಿ ನಮ್ಮದು ಖಡಕ್ ರೊಟ್ಟಿ ವ್ಯಾಪಾರ. ಹೆಂಡತಿ ಮತ್ತು ನಾಲ್ಕು ಜನ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಸೇಡಂ ರಸ್ತೆ, ಜೇವರ್ಗಿ ರಸ್ತೆಯ ಖಾನಾವಳಿಗಳಿಗೆ ಕಾರಿನಲ್ಲಿ ಮುಟ್ಟಿಸುವುದು ನನ್ನ ಕೆಲಸ. ರೊಟ್ಟಿ ಡಬ್ಬಿ ಓರೆಯಾದರೆ ಅಂಚು ಒಡೆಯುತ್ತದೆ. ಒಡೆದ ರೊಟ್ಟಿಗೆ ಯಾರು ದುಡ್ಡು ಕೊಡ್ತಾರೆ? ಹಿಂದಿನ ಸೀಟಿನ ಬಾಗಿಲಲ್ಲಿ ತೂರಿಸುವ ಹಾಗಿಲ್ಲ, ಡಿಕ್ಕಿಯೇ ಬೇಕು.

ಈ ಡಿಕ್ಕಿ ಕೆಡುವುದಕ್ಕೆ ಮೊದಲೇ ನನಗೆ ಅದರ ಮೇಲೆ ಸಿಟ್ಟಿತ್ತು. ರಿಮೋಟ್ ಒಂದು ಸಲ ಒತ್ತಿದರೆ ಡ್ರೈವರ್ ಬಾಗಿಲು ಮಾತ್ರ ಅನ್‌ಲಾಕ್ ಆಗುತ್ತದೆ, ಡಿಕ್ಕಿಗೆ ಎರಡು ಸಲ ಒತ್ತಬೇಕು. ಸರಿ, ಒತ್ತಿದೆ. ಅಡುಗೆಮನೆಗೆ ಹೋಗಿ ಡಬ್ಬಿ ಹೊತ್ತು ಬರುವಷ್ಟರಲ್ಲಿ 30 ಸೆಕೆಂಡ್ ಆಗಿರುತ್ತದೆ. ಯಾವ ಬಾಗಿಲೂ ತೆರೆದಿಲ್ಲ ಅಂತ ಕಾರು ತಾನೇ ಮತ್ತೆ ಲಾಕ್ ಮಾಡಿಕೊಂಡಿರುತ್ತದೆ. ಎರಡೂ ಕೈಯಲ್ಲಿ ಡಬ್ಬಿ, ಕೀ ಜೇಬಿನಲ್ಲಿ. ನನ್ನ ಹಳೆಯ ಆಲ್ಟೋದಲ್ಲಿ ಸೀಟಿನ ಪಕ್ಕ ಕೆಳಗೆ ಒಂದು ಲಿವರ್ ಇತ್ತು. ಎಳೆದರೆ ಕೇಬಲ್ ಎಳೆಯುತ್ತಿತ್ತು, ಡಿಕ್ಕಿ ತೆರೆಯುತ್ತಿತ್ತು, ಅಷ್ಟೇ. ಈಗಿನದರಲ್ಲಿ ಲಿವರೂ ಇಲ್ಲ, ಡಿಕ್ಕಿಗೆ ಕೀ ಹಾಕುವ ತೂತೂ ಇಲ್ಲ. ಹಿಡಿಕೆಯ ಕೆಳಗೆ ಒಂದು ರಬ್ಬರ್ ಬಟನ್. ಅದು ಒಳಗಿನ ಕಂಪ್ಯೂಟರನ್ನು ಕೇಳಬೇಕು, ಕಂಪ್ಯೂಟರ್ ಒಪ್ಪಿದರೆ ಮೋಟರ್ ತಿರುಗಿ ಲಾಚು, ಅಂದರೆ ಡಿಕ್ಕಿಯ ಚಿಲಕ, ಕೊಂಡಿಯನ್ನು ಬಿಡುತ್ತದೆ. ಒಂದು ಬಾಗಿಲು ತೆರೆಯುವುದಕ್ಕೆ ಇಷ್ಟು ಜನರ ಪರ್ಮಿಷನ್!

ಕಳೆದ ಮೇ ತಿಂಗಳಲ್ಲಿ, ಹೊರಗೆ ಕಾಲಿಡಲಾಗದ ಬಿಸಿಲಲ್ಲಿ, ಬಟನ್ ಒತ್ತಿದರೆ ಕಟಕ್ ಅನ್ನುವ ಸದ್ದೇ ಬರಲಿಲ್ಲ. ಐದಾರು ಸಲ ಒತ್ತಿದ ಮೇಲೆ ತೆರೆಯಿತು. ಮರುದಿನ ಹತ್ತು ಸಲ. "ರೀ, ಡಬ್ಬಿ ಹಿಡ್ಕೊಂಡು ಎಷ್ಟೊತ್ತು ನಿಂದರ್ಲಿ?" ಅಂತ ಹೆಂಡತಿ ಹಿಂದಿನಿಂದ. ರಿಮೋಟಿನ ಸೆಲ್ ಬದಲಿಸಿದೆ, ಉಪಯೋಗ ಇಲ್ಲ. ಬಿಸಿಲಿಗೆ ರಬ್ಬರ್ ಬಟನ್ ಗಟ್ಟಿಯಾಗಿರಬೇಕು ಅಂದುಕೊಂಡು ಅದಕ್ಕೂ ದುಡ್ಡು ಹಾಕಿದೆ. ಅದೂ ದಂಡ. ಒಂದು ವರ್ಕ್‌ಶಾಪಿನಲ್ಲಿ ತೋರಿಸಿದರೆ, ಲಾಚ್ ಸೆಟ್ ಪೂರ್ತಿ ಬದಲಿಸಬೇಕು, 7,800 ರೂಪಾಯಿ ಅಂದರು. ಡಿಕ್ಕಿಯ ಒಳಗಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿ ಕೂಡ ನೋಡಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಓಣಿಯ ಚಾಚಾ. ಮೊದಲು ಲಾರಿಗಳ ವೈರಿಂಗ್ ಮಾಡುತ್ತಿದ್ದವರು.

"ಮೋಟರ್ ಸದ್ದು ಬರ್ತದೇನು?"

"ಇಲ್ಲ ಚಾಚಾ."

"ಸದ್ದು ಬಂದು ತೆರಿಲಿಲ್ಲ ಅಂದ್ರ ಕೊಂಡಿ ಜರುಗ್ಯಾದ. ಸದ್ದೇ ಇಲ್ಲ ಅಂದ್ರ ಕರೆಂಟ್ ಇಲ್ಲ. ಸಂಜಿಗೆ ಲೈಟ್ ಹಾಕಿ, ಡಿಕ್ಕಿ ಸಾವಕಾಶ ಎತ್ತಿ ನಂಬರ್ ಪ್ಲೇಟ್ ಲೈಟ್ ನೋಡ್ರಿ."

ನೋಡಿದೆ. ಡಿಕ್ಕಿ ಅರ್ಧ ಎತ್ತುವವರೆಗೆ ಲೈಟ್ ಉರಿಯಿತು, ಆಮೇಲೆ ಟಪ್ ಅಂತ ಆರಿತು. ಇಳಿಸಿದರೆ ಮತ್ತೆ ಹತ್ತಿತು. ಹಿಂದಿನ ವೈಪರ್ ಕೂಡ ಆಗಾಗ ನಿಲ್ಲುತ್ತಿದ್ದದ್ದು ಆಗ ನೆನಪಾಯಿತು. ಡಿಕ್ಕಿಯ ಮೂಲೆಯಲ್ಲಿ ಕಾರಿನ ಛಾವಣಿಯಿಂದ ಬಾಗಿಲಿಗೆ ಒಂದು ಕಪ್ಪು ರಬ್ಬರ್ ಸೊಂಡಿಲು ಹೋಗಿರುತ್ತದೆ. ಎಲ್ಲ ವೈರುಗಳೂ ಅದರೊಳಗೇ. ಪ್ರತಿ ಸಲ ತೆರೆದು ಮುಚ್ಚಿದಾಗ ಅದೇ ಜಾಗದಲ್ಲಿ ಮಡಚುತ್ತವೆ. ನಾನು ದಿನಕ್ಕೆ ಮೂವತ್ತು ಸಲವಾದರೂ ತೆರೆಯುತ್ತೇನೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೊಂಡಿಲು ಹಿಂದಕ್ಕೆ ಸರಿಸಿದೆ. ಮೇಲ್ನೋಟಕ್ಕೆ ಎಲ್ಲ ವೈರೂ ಚೆನ್ನಾಗೇ ಕಂಡವು. ಒಂದೊಂದನ್ನೇ ಮೆಲ್ಲಗೆ ಎಳೆದೆ. ದಪ್ಪ ಕಪ್ಪು ವೈರು ಮಾತ್ರ ಶ್ಯಾವಿಗೆ ಎಳೆಯ ಹಾಗೆ ಉದ್ದವಾಯಿತು. ಮೇಲಿನ ಪ್ಲಾಸ್ಟಿಕ್ ಸರಿಯಾಗಿದೆ, ಒಳಗೆ ತಾಮ್ರ ತುಂಡಾಗಿದೆ. ಅದು ಅರ್ತ್ ವೈರು, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಲಾಚು, ಲೈಟು, ವೈಪರ್ ಎಲ್ಲಕ್ಕೂ ಅದೇ. ಪಕ್ಕದ ಇನ್ನೊಂದು ವೈರಿನ ಮೇಲ್ಪದರ ಬಿರುಕು ಬಿಟ್ಟಿತ್ತು. ಎರಡನ್ನೂ ಕತ್ತರಿಸಿದೆ.

ಆಗ ಒಂದು ಎಡವಟ್ಟಾಯಿತು. ಸೋಲ್ಡರಿಂಗ್ ಕಬ್ಬಿಣ ತರಲು ಒಳಗೆ ಹೋದೆ. ಮಗಳು "ಪಪ್ಪಾ ಮರ್ತಾನ" ಅಂತ ಡಿಕ್ಕಿ ಧಡ್ ಅಂತ ಹಾಕಿಬಿಟ್ಟಳು. ವೈರು ಕಟ್ಟಾಗಿದೆ, ಬ್ಯಾಟರಿ ಹಚ್ಚಿದರೂ ತೆರೆಯುವುದಿಲ್ಲ. ಹಿಂದಿನ ಸೀಟ್ ಮಡಚಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತೆವಳಿದೆ. ಒಳಗೆ ಕುಲುಮೆಯಂಥ ಶೆಕೆ. ಹಲಗೆಯ ಕೆಳ ಅಂಚಿನಲ್ಲಿ ಅಂಗೈಗಿಂತ ಚಿಕ್ಕ ಮುಚ್ಚಳ. ಅದನ್ನು ತೆಗೆದು ಒಳಗಿನ ಲಿವರನ್ನು ಸ್ಕ್ರೂಡ್ರೈವರಿನಿಂದ ಸರಿಸಿದರೆ ಡಿಕ್ಕಿ ತೆರೆಯಿತು. ಕೆಲವು ಕಾರುಗಳಲ್ಲಿ ಈ ಮುಚ್ಚಳವೇ ಇರುವುದಿಲ್ಲ. ವೈರಿಗೆ ಕೈ ಹಾಕುವ ಮೊದಲು ನಿಮ್ಮದರಲ್ಲಿ ಇದೆಯಾ ನೋಡಿ, ಮತ್ತೆ ಯಾರಾದರೂ ಡಿಕ್ಕಿ ಹಾಕಿದರೂ ಲಾಚು ಹಿಡಿಯದ ಹಾಗೆ ಕೊಂಡಿಗೆ ಒಂದು ಬಟ್ಟೆ ಸುತ್ತಿಡಿ.

ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಿಂದ ಸಣ್ಣ ಎಳೆಗಳ ಮೆತ್ತನೆಯ ವೈರು, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯಾಗುವ ಕೊಳವೆ) ತಂದೆ. ಎರಡೂ ಸೇರಿ 180 ರೂಪಾಯಿ. ಮುರಿದ ಜಾಗಕ್ಕೇ ಬೆಸುಗೆ ಹಾಕಬಾರದು, ಅಲ್ಲಿ ಗಟ್ಟಿಯಾಗಿ ಮತ್ತೆ ಮುರಿಯುತ್ತದೆ. ಹೊಸ ತುಂಡನ್ನು ಉದ್ದ ಇಟ್ಟುಕೊಂಡು, ಎರಡೂ ತುದಿಯ ಬೆಸುಗೆ ಸೊಂಡಿಲಿನ ಆಚೆ, ಮಡಚದ ಕಡೆ ಬರುವಂತೆ ಮಾಡಿದೆ. ಸ್ಲೀವನ್ನು ಮೊದಲೇ ವೈರಿಗೆ ಪೋಣಿಸಬೇಕು. ನಾನು ಮರೆತು ಒಂದು ಬೆಸುಗೆ ಎರಡು ಸಲ ಹಾಕಿದೆ. ಇನ್ಸುಲೇಷನ್ ಟೇಪ್ ಬೇಡ. ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಬೆಲ್ಲದ ಪಾಕದಂತಾಗುತ್ತದೆ.

ಬ್ಯಾಟರಿ ಹಚ್ಚಿ ಬಟನ್ ಒತ್ತಿದೆ. ಕಟಕ್. ವೈಪರ್ ಕೂಡ ಸರಿಯಾಯಿತು. ಒಳಗಿನ ಲಿವರಿಗೆ ಒಂದು ಗೇಣು ನೈಲಾನ್ ದಾರ ಕಟ್ಟಿ ಮುಚ್ಚಳದ ಹಿಂದೆ ಬಿಟ್ಟಿದ್ದೇನೆ, ಇನ್ನೊಂದು ಸಲ ಸ್ಕ್ರೂಡ್ರೈವರ್ ಹುಡುಕುವುದು ಬೇಡ ಅಂತ.

30 ಸೆಕೆಂಡಿನ ಕಾಟಕ್ಕೆ ಮಾತ್ರ ಬೆಸುಗೆ ಇಲ್ಲ. ಈಗ ಡ್ರೈವರ್ ಬಾಗಿಲು ಸ್ವಲ್ಪ ತೆರೆದಿಟ್ಟೇ ಡಬ್ಬಿ ತರಲು ಹೋಗುತ್ತೇನೆ. ಓಣಿಯಲ್ಲಿ ಹೋಗುವವರು ದಿನಾ ಕೂಗಿ ಹೇಳುತ್ತಾರೆ, "ಅಣ್ಣಾರ, ನಿಮ್ಮ ಗಾಡಿ ಬಾಗಿಲಾ ತೆರದದ ನೋಡ್ರಿ."